ಅಕ್ಕಯಮ್ಮನ ಪೆಟ್ಟಿಗೆಯಲ್ಲಿ ಈಜಿಪ್ಟು

ತಿಲಕ್ ನಗರ, ಬೆಂಗಳೂರು
1 ಸೆಪ್ಟೆಂಬರ್ 2025

ಅಕ್ಕಯಮ್ಮನವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ನಾನು ತೇಜಸ್ವಿನಿ, ಹುಳಿಮಾವಿನ ಶಾಲೆಯಲ್ಲಿ ನಿಮ್ಮ ಮೊಮ್ಮಗ ಮನುವಿಗೆ ಸಮಾಜ ಪಾಠ ಮಾಡುವ ಟೀಚರ್. ಶಾಲೆಯಿಂದ ಕಾಗದ ಬಂತೆಂದು ಗಾಬರಿಯಾಗಬೇಡಿ. ಅವನು ಯಾರ ತಲೆಯನ್ನೂ ಒಡೆದಿಲ್ಲ, ಯಾವ ಕಿಟಕಿಯನ್ನೂ ಒಡೆದಿಲ್ಲ. ನಾನೇ ನಿಮ್ಮಿಂದ ಪಾಠ ಹೇಳಿಸಿಕೊಳ್ಳಬೇಕಾಗಿದೆ.

ಆರನೇ ತರಗತಿಗೆ ಜುಲೈಯಿಂದ ಹಳೇ ಕಾಲದ ಈಜಿಪ್ಟಿನ ಪಾಠ ನಡೆಯುತ್ತಿದೆ. ಮಕ್ಕಳಿಗೆ ಬೇಕಾದದ್ದು ಒಂದೇ: ಸತ್ತ ರಾಜನ ಮಿದುಳನ್ನು ಮೂಗಿನಿಂದ ಹೇಗೆ ಎಳೆದು ತೆಗೆಯುತ್ತಿದ್ದರು ಎಂಬುದು. ಅದನ್ನೇ ದಿನಾ ಕೇಳುತ್ತಾರೆ. ಆ ಜನ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುತ್ತಿದ್ದರು, ರೊಟ್ಟಿಗೆ ಈರುಳ್ಳಿ ನಂಚಿಕೊಳ್ಳುತ್ತಿದ್ದರು, ಬಾಡಿಗೆಗೆ ತಂದ ಕತ್ತೆಯ ವಿಷಯಕ್ಕೆ ಪಂಚಾಯಿತಿ ಕಟ್ಟೆ ಹತ್ತುತ್ತಿದ್ದರು, ನಮ್ಮ ಹಾಗೇ ಮನುಷ್ಯರಾಗಿದ್ದರು ಎಂದು ನಾನು ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ.

ಹೋದ ವಾರ, ಸತ್ತವರಿಗೂ ಹಸಿವಾಗುತ್ತದೆ ಎಂದು ಅವರು ನಂಬಿದ್ದರು, ಗೋರಿಗೆ ರೊಟ್ಟಿ, ಮಾಂಸ, ಹೆಂಡ ಇಡುತ್ತಿದ್ದರು ಎಂದೆ. ಹಿಂದಿನ ಬೆಂಚಿನವನೊಬ್ಬ ನಕ್ಕ. "ಸತ್ತೋರು ಊಟ ಮಾಡ್ತಾರಾ ಮಿಸ್? ದಡ್ಡರು!" ಎಂದ. ನಿಮ್ಮ ಮನು ಎದ್ದು ನಿಂತ. "ನಮ್ಮ ತಾತ ಮಾಡ್ತಾರೆ. ನಮ್ಮಜ್ಜಿ ವರ್ಷ ವರ್ಷ ಎಡೆ ಇಡ್ತಾರೆ. ಬಾಗ್ಲು ಹಾಕಿ ಎಲ್ರೂ ಆಚೆ ನಿಂತ್ಕೋಬೇಕು" ಎಂದ. ಇನ್ನೂ ಹೇಳು ಎಂದರೆ, "ಅದೆಲ್ಲಾ ಅಜ್ಜಿಗೇ ಗೊತ್ತು. ಅಜ್ಜಿ ಅತ್ತೆ ಊರಿಗೆ ಹೋಗವ್ರೆ, ಫೋನೂ ಮನೇಲೇ ಬಿಟ್ಟೋಗವ್ರೆ" ಎಂದು ಕೂತುಬಿಟ್ಟ. ಅವನ ಅಪ್ಪನಿಂದ ನಿಮ್ಮ ವಿಳಾಸ ತರಿಸಿಕೊಂಡೆ.

ಎಡೆಗೆ ಏನೇನು ಇಡುತ್ತೀರಿ, ಯಾಕೆ ಇಡುತ್ತೀರಿ ಎಂದು ನಾಲ್ಕು ಸಾಲು ಬರೆದು ಕಳಿಸಿದರೆ ಮಕ್ಕಳಿಗೆ ಓದಿ ಹೇಳುತ್ತೇನೆ. ಈಜಿಪ್ಟಿನವರು ಸತ್ತವರಿಗೂ ಕಾಗದ ಬರೆಯುತ್ತಿದ್ದರಂತೆ, ಊಟದ ಬಟ್ಟಲಿನ ಮೇಲೆ. ನಾನು ಬದುಕಿರುವವರಿಗೆ ಬರೆಯುತ್ತಿರುವುದರಿಂದ ಉತ್ತರ ಬರುವ ನಂಬಿಕೆ ಸ್ವಲ್ಪ ಹೆಚ್ಚಾಗಿಯೇ ಇದೆ.

ನಿಮ್ಮ
ತೇಜಸ್ವಿನಿ


ಹುಲಿಯೂರುದುರ್ಗ
3 ಸೆಪ್ಟೆಂಬರ್ 2025

ಟೀಚರಮ್ಮನಿಗೆ ಅಕ್ಕಯಮ್ಮನ ನಮಸ್ಕಾರ.

ನಿಮ್ಮ ಕಾಗದ ಬಂತು. ನಾನು ಎಂಟನೇ ಕ್ಲಾಸು ಓದಿದ್ದೇನೆ, ಅದೂ ಹಳೇ ಕಾಲದ ಎಂಟು. ಆದ್ದರಿಂದ ಯಾರ ಕೈಯಲ್ಲೂ ಬರೆಸುವ ಗತಿ ನನಗಿಲ್ಲ. ಅಕ್ಷರ ವಕ್ರವಾಗಿದ್ದರೆ ಕಣ್ಣಿನ ದೋಷ.

ಆ ಹುಡುಗನಿಗೆ ಹೇಳಿ, ದಡ್ಡರು ಸತ್ತವರಲ್ಲ, ಬದುಕಿರುವವರು. ನಮ್ಮ ಯಜಮಾನರು ಬೈರಣ್ಣನವರು ಹೋಗಿ ಮೂರು ವರ್ಷವಾಯಿತು. ಪಿತೃಪಕ್ಷದ ಅಮಾವಾಸ್ಯೆಗೆ ನಾನು ಎಡೆ ಇಡುತ್ತೇನೆ. ಮನೆ ಸಾರಿಸಿ, ಗೋಡೆಗೆ ಅವರ ಫೋಟೋ ಒರಗಿಸಿ, ಹೊಸ ಪಂಚೆ ಮಡಿಸಿಟ್ಟು, ಮುಂದೆ ಬಾಳೆಲೆ ಹಾಸುತ್ತೇನೆ. ರಾಗಿಮುದ್ದೆ, ಮಟನ್ ಸಾರು, ಕಜ್ಜಾಯ, ಚಕ್ಕುಲಿ. ಅವರಿಗೆ ಕೋಳಿ ಸೇರುತ್ತಿರಲಿಲ್ಲ, ಇಡುವುದಿಲ್ಲ. ಎಲೆ ಅಡಿಕೆ, ಒಂದು ಕಟ್ಟು ಬೀಡಿ, ಸಣ್ಣ ಬಾಟಲಿ ಬ್ರಾಂದಿ. ಬದುಕಿದ್ದಾಗ ಆ ಬಾಟಲಿಗೆ ನಾನು ಎಷ್ಟು ಬೈದಿದ್ದೇನೋ ಆ ದೇವರಿಗೇ ಗೊತ್ತು. ಈಗ ನಾನೇ ತರಿಸಿ ಮುಚ್ಚಳ ತೆಗೆದು ಇಡುತ್ತೇನೆ.

ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲುತ್ತೇವೆ. ಉಣ್ಣುವವರನ್ನು ನೋಡುತ್ತಾ ಕೂರಬಾರದು, ನಾಚಿಕೆಯಾಗುತ್ತದೆ. ಆಮೇಲೆ ಕೆಮ್ಮಿ ಒಳಗೆ ಹೋಗಬೇಕು. ಯಾಕೆ ಇಡುತ್ತೀರಿ ಎಂದು ಕೇಳಿದ್ದೀರಿ. ಉಪವಾಸ ಕಳಿಸುವುದಕ್ಕೆ ಮನಸ್ಸು ಬರುವುದಿಲ್ಲ, ಅದಕ್ಕೆ ಇಡುತ್ತೇವೆ. ನಿಮ್ಮ ಈಜಿಪ್ಟಿನವರಿಗೂ ಅದೇ ಇದ್ದಿರಬೇಕು. ಅವರ ಕಡೆ ಮುದ್ದೆ ಇಲ್ಲದಿದ್ದರೆ ರೊಟ್ಟಿಯಾದರೂ ಬಿಸಿ ಇಡುತ್ತಿದ್ದರೋ ಕೇಳಿ ತಿಳಿಸಿ.

ಈ ವರ್ಷ ಎಡೆಗೆ ನಾನು ಹುಳಿಮಾವಿಗೆ ಹೋಗುವುದಿಲ್ಲ. ಇಲ್ಲಿ ಮಗಳು ಸುಧಾಮಣಿ ಮನೆಯಲ್ಲಿ ಗಾಳಿ ಚೆನ್ನಾಗಿದೆ, ಅದಕ್ಕೆ ಬಂದಿದ್ದೇನೆ. ನಾನು ನಿಮಗೆ ಬರೆದದ್ದನ್ನು ನನ್ನ ಸೊಸೆಗೆ ಹೇಳುವ ಅಗತ್ಯವಿಲ್ಲ.

ನಿಮ್ಮ ಮನೆಯಲ್ಲಿ ಎಡೆ ಇಡುವುದಿಲ್ಲವೇ? ನೀವು ಯಾವ ಕಡೆಯವರು?

ಅಕ್ಕಯಮ್ಮ


ತಿಲಕ್ ನಗರ
9 ಸೆಪ್ಟೆಂಬರ್ 2025

ಅಜ್ಜಿಗೆ ನಮಸ್ಕಾರ.

ಹಾಗೆ ಕರೆಯಬಹುದಲ್ಲವೇ? ನಿಮ್ಮ ಕಾಗದ ಓದಿದ ಮೇಲೆ ಇಡೀ ತರಗತಿ ಹಾಗೇ ಕರೆಯುತ್ತಿದೆ. "ಅಜ್ಜಿ ಬ್ರಾಂದಿ ತರ್ಸೋದು ಯಾರ ಕೈಲಿ ಮಿಸ್?" ಎಂದು ಕೇಳಿದರು. ನಕ್ಕಿದ್ದ ಹುಡುಗನೇ ಕೊನೆಗೆ, "ನಮ್ಮನೇಲೂ ಇಡ್ತಾರೆ ಮಿಸ್, ನಮ್ ದೊಡ್ಡಪ್ಪಂಗೆ ಮಸಾಲೆ ದೋಸೆ" ಎಂದು ಒಪ್ಪಿಕೊಂಡ. ಆಮೇಲೆ ಒಬ್ಬೊಬ್ಬರದೂ ಹೊರಗೆ ಬಂತು. ಒಬ್ಬಳ ಅಜ್ಜನಿಗೆ ನಶ್ಯ, ಇನ್ನೊಬ್ಬಳ ಚಿಕ್ಕಮ್ಮನಿಗೆ ಮಲ್ಲಿಗೆ ಹೂವು, ಐಸ್‌ಕ್ರೀಮು. ಈಜಿಪ್ಟಿನವರು ಮೊದಲ ಸಲ ಅವರಿಗೆ ಮನುಷ್ಯರಾಗಿ ಕಂಡರು. ಎರಡು ತಿಂಗಳಲ್ಲಿ ನನ್ನಿಂದ ಆಗದ ಪಾಠ ನಿಮ್ಮ ಒಂದು ಕಾಗದದಿಂದ ಆಯಿತು.

ನಾವು ಯಾವ ಕಡೆಯವರು ಎಂದು ಕೇಳಿದ್ದೀರಿ. ಕೇಳುತ್ತೀರೆಂದು ಗೊತ್ತಿತ್ತು. ನಮ್ಮ ತಾತ ಪಿಳ್ಳಣ್ಣ ಇದೇ ಬೆಂಗಳೂರಿನ ಹಳೇ ಹಳ್ಳಿಯವರು. ಊರ ಬಾವಿಯ ಕಟ್ಟೆ ಮುಟ್ಟಬಾರದೆಂದು ಹೇಳಿಸಿಕೊಂಡವರು. ಒಂದು ದಿನ ಸಾಕೆನ್ನಿಸಿ ಬೌದ್ಧರಾದರು. ಅಂದಿನಿಂದ ನಮ್ಮ ಮನೆಯಲ್ಲಿ ಎಡೆ ಇಲ್ಲ. ಬುದ್ಧನ ಮುಂದೆ ದೀಪ ಹಚ್ಚಿ ಸುಮ್ಮನೆ ಕೂರುತ್ತೇವೆ. ಅದಕ್ಕೇ ನಿಮ್ಮನ್ನು ಕೇಳಬೇಕಾಯಿತು.

ಸೊಸೆಗೆ ಹೇಳಬೇಡಿ ಎಂದಿರಿ. ನಿಮ್ಮ ಸಂಕೋಚ ನೋಡಿ ನಗು ಬಂತು. ನಾನು ಹೇಳಲಿಲ್ಲ, ಆದರೆ ಮನು ಹೇಳದೆ ಬಿಟ್ಟಾನೆಯೇ? ಶನಿವಾರ ಪೋಷಕರ ಸಭೆಗೆ ಅರ್ಪಿತ ಬಂದಿದ್ದರು. "ನಮ್ಮತ್ತೆ ಕಾಗದ ಬರೆದಿದ್ರಂತೆ. ಏನಂತ ಬರ್ದಿದ್ರು ಮೇಡಂ? ನನ್ನ ವಿಷ್ಯ ಏನಾದ್ರೂ ಇತ್ತಾ?" ಎಂದರು. ಎಡೆಯ ವಿಷಯ ಅಷ್ಟೇ ಎಂದೆ. ಮುಖ ಬಾಡಿತು. ಹಾಗೇ ಹೊರಟುಹೋದರು. ಬಹಳ ಇಳಿದುಹೋಗಿದ್ದಾರೆ. ನೀವಿಲ್ಲದೆ ಅವರಿಗೆ ಕೈಕಾಲೇ ಆಡುತ್ತಿಲ್ಲ ಎಂದು ನನಗೆ ತೋರಿತು. ಅಂಥ ಸೊಸೆ ಪಡೆಯುವುದಕ್ಕೂ ಪುಣ್ಯ ಬೇಕು. ಗಾಳಿ ಸೇವಿಸಿದ್ದು ಸಾಕು, ಅಮಾವಾಸ್ಯೆಗೆ ಮನೆಗೆ ಬನ್ನಿ.

ತೇಜಸ್ವಿನಿ


ಹುಲಿಯೂರುದುರ್ಗ
12 ಸೆಪ್ಟೆಂಬರ್ 2025

ಟೀಚರಮ್ಮನಿಗೆ,

ಪುಣ್ಯ ಎಂದು ಬರೆದಿದ್ದೀರಿ. ಓದಿ ನನ್ನ ಮೈಯೆಲ್ಲಾ ಉರಿಯಿತು. ಯಾರಿಗೂ ಹೇಳಬಾರದೆಂದುಕೊಂಡಿದ್ದೆ. ಮಗನಿಗೆ ಹೇಳಿದರೆ ಸಂಸಾರ ಒಡೆಯುತ್ತದೆ, ಮಗಳಿಗೆ ಹೇಳಿದರೆ ಊರು ಸೇರುತ್ತದೆ. ನೀವು ಹೊರಗಿನವರು, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಓದಿ ಹರಿದುಹಾಕಿ. ಬಾಯಿ ಬಿಟ್ಟರೆ ನಿಮ್ಮ ಬುದ್ಧನ ಆಣೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನನ್ನ ಮರದ ಪೆಟ್ಟಿಗೆ ತೆಗೆದೆ. ನನ್ನ ಮದುವೆಯ ರೇಷ್ಮೆ ಸೀರೆಯನ್ನು ಈ ಸಲ ಲಕ್ಷ್ಮಿಗೆ ಉಡಿಸಿ ಆಮೇಲೆ ಅರ್ಪಿತಳಿಗೇ ಕೊಟ್ಟುಬಿಡೋಣ ಎಂದಿತ್ತು. ಸೀರೆ ಎತ್ತಿದರೆ ಅದರ ಕೆಳಗೆ ಒಂದು ಮಾತ್ರೆಯ ಡಬ್ಬಿ. ಡಬ್ಬಿಯಲ್ಲಿ ಬಟ್ಟೆ ಸುತ್ತಿದ ಒಂದು ಗೊಂಬೆ. ಕಾಡಿಗೆಯಲ್ಲಿ ಬರೆದ ಎರಡು ಕಣ್ಣು. ಸುತ್ತಿದ್ದು ನಾನು ಉಟ್ಟು ಬಿಟ್ಟ ನೀಲಿ ಸೀರೆಯ ಅಂಚು. ಅದರ ಮೇಲೆ ಸುತ್ತಿದ್ದು ನನ್ನ ನರೆಗೂದಲು. ಬಿಚ್ಚಿ ನೋಡಿದರೆ ಒಳಗೆ ಕಟ್ಟಿಗೆಯ ಹಾಗೆ ಒಣಗಿದ ನಿಂಬೆಹಣ್ಣು, ಮೈತುಂಬಾ ಕಲ್ಲುಪ್ಪು. ಜೊತೆಗೆ ಒಂದು ಚೀಟಿ. ಅದರಲ್ಲಿ ಒಂದು ಹದ್ದು, ಒಂದು ಹೆಡೆ ಎತ್ತಿದ ಹಾವು, ಪಕ್ಕದಲ್ಲಿ ಎರಡು ಚೂರಿ.

ನಿಂಬೆಹಣ್ಣು, ಉಪ್ಪು, ಉಟ್ಟ ಬಟ್ಟೆ, ತಲೆಗೂದಲು. ಮಾಟಕ್ಕೆ ಇನ್ನೇನು ಬೇಕು? ಜೂನ್ ತಿಂಗಳಿಂದ ನನಗೆ ಏದುಸಿರು. ಆಸ್ಪತ್ರೆಗೆ ಸೇರಿಸಿ ಸೂಜಿ ಚುಚ್ಚಿದರೂ ಡಾಕ್ಟರಿಗೆ ಕಾರಣ ತಿಳಿಯಲಿಲ್ಲ. ಕಾರಣ ನನ್ನ ಪೆಟ್ಟಿಗೆಯಲ್ಲೇ ಇತ್ತು.

ಪೆಟ್ಟಿಗೆಯ ಬೀಗದ ಕೈ ಅಡುಗೆಮನೆಯ ಮೊಳೆಗೆ ನೇತುಹಾಕುತ್ತೇನೆ. ನನ್ನ ತಲೆ ಬಾಚುವವಳು ಅವಳೇ. ಶುಕ್ರವಾರ ಬಂದರೆ ನಾನು ಅವಳಿಗೆ ಎಣ್ಣೆ ಹಚ್ಚಬೇಕು, ಅವಳು ನನಗೆ. ಬಾಚಣಿಗೆಯ ಕೂದಲು ಇನ್ಯಾರಿಗೆ ಸಿಗುತ್ತದೆ? ಹನ್ನೆರಡು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದಿದ್ದೇವೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಮುಗಿಯಲಿ ಎಂದು ಕಾಯುವಷ್ಟು ತಾಳ್ಮೆಯೂ ಅವಳಿಗೆ ಇಲ್ಲವಾಯಿತೇ? ಹಬ್ಬ ಮುಗಿಸಿ, ಬಾಯಿ ಮುಚ್ಚಿಕೊಂಡು, ಆ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ. ಅಂದಿನಿಂದ ಅವಳು ಒಂದು ಸಲವೂ ಸುಧಾಮಣಿಗೆ ಫೋನು ಮಾಡಿ ನನ್ನ ಕ್ಷೇಮ ಕೇಳಿಲ್ಲ. ತಪ್ಪು ಮಾಡಿದವರ ಲಕ್ಷಣ ಅದು.

ಇಲ್ಲಿ ಚಿಕ್ಕಬೈರಪ್ಪ ಎಂಬುವರು ಮಾಟ ತೆಗೆಯುತ್ತಾರೆ. ತೆಗೆಯುವುದಷ್ಟೇ ಅಲ್ಲ, ಮಾಡಿದವರಿಗೇ ತಿರುಗಿಸುತ್ತಾರೆ. ಅಮಾವಾಸ್ಯೆ ಭಾನುವಾರ ಆಗಬೇಕು ಎಂದಿದ್ದಾರೆ. ಓದಿದವರು ನಗಬಹುದು. ನಗಿ. ನನಗೆ ನನ್ನ ಜೀವದ ಭಯಕ್ಕಿಂತ ಅವಳು ಹೀಗೆ ಮಾಡಿದಳಲ್ಲ ಎಂಬ ಸಂಕಟವೇ ಹೆಚ್ಚಾಗಿದೆ.

ಅಕ್ಕಯಮ್ಮ


ತಿಲಕ್ ನಗರ
18 ಸೆಪ್ಟೆಂಬರ್ 2025
ಸ್ಪೀಡ್ ಪೋಸ್ಟ್

ಅಜ್ಜಿ,

ಅದು ಮಾಟವಲ್ಲ. ಅದು ಹೋಂವರ್ಕ್.

ನಿಮ್ಮ ಕಾಗದ ನಿನ್ನೆ ಸಂಜೆ ಕೈಗೆ ಬಂತು. ಆ ಗೊಂಬೆ ಮಾಡಲು ಹೇಳಿಕೊಟ್ಟವಳು ನಾನು. ಮಾಡಿದವನು ನಿಮ್ಮ ಮನು.

ಈಜಿಪ್ಟಿನವರು ಸತ್ತವರ ದೇಹ ಕೆಡದಂತೆ ಒಂದು ಬಗೆಯ ಉಪ್ಪಿನಲ್ಲಿ ಹೂತು ಒಣಗಿಸಿ, ಬಟ್ಟೆ ಸುತ್ತಿ ಇಡುತ್ತಿದ್ದರು. ಜೀವ ಮತ್ತೆ ಬಂದರೆ ಇರುವುದಕ್ಕೆ ಮನೆ ಬೇಕಲ್ಲ, ಅದಕ್ಕೆ. ಇದು ಮಕ್ಕಳಿಗೆ ತಿಳಿಯಲಿ ಎಂದು ಜುಲೈಯಲ್ಲಿ ನಿಂಬೆಹಣ್ಣು ಕೊಯ್ದು, ಕಲ್ಲುಪ್ಪು ಮತ್ತು ಅಡುಗೆ ಸೋಡಾ ತುಂಬಿ ಒಣಗಿಸಲು ಹೇಳಿದೆ. ಬೇರೆ ಟೀಚರುಗಳು ಮೀನು, ಕೋಳಿ ಇಟ್ಟು ಮಾಡುತ್ತಾರಂತೆ. ನಮ್ಮ ಶಾಲೆಯಲ್ಲಿ ಮೊಟ್ಟೆಗೂ ಅನುಮತಿ ಇಲ್ಲ. ನಿಂಬೆಹಣ್ಣಾದರೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡೆ! ನನ್ನ ಬುದ್ಧಿಗೆ ಏನು ಹೇಳಲಿ?

ನೀವು ಯಾರನ್ನು ಕಳೆದುಕೊಳ್ಳಲು ಇಷ್ಟಪಡುವುದಿಲ್ಲವೋ ಅವರ ಹೆಸರಿನಲ್ಲಿ ಮಾಡಿ, ಅವರ ಹಳೇ ಬಟ್ಟೆ ಸುತ್ತಿ ಎಂದೂ ನಾನೇ ಹೇಳಿದ್ದು. ಕೂದಲಿನ ಕಥೆಯೂ ನನ್ನದೇ. ಟುಟಾಂಖಾಮನ್ ಎಂಬ ಹುಡುಗ ರಾಜನ ಗೋರಿಯಲ್ಲಿ ಅವನ ಅಜ್ಜಿಯ ಒಂದು ಹಿಡಿ ಕೂದಲು ಸಿಕ್ಕಿತು, ಅದನ್ನು ಪುಟ್ಟ ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಕಾಪಾಡಿದ್ದರು ಎಂದು ಹೇಳಿದ ದಿನ ಮನು ಬಾಯಿ ತೆರೆದುಕೊಂಡು ಕೇಳಿದ್ದ. ಆ ಚೀಟಿ ಅವರ ಲಿಪಿ. ಹದ್ದು ಎಂದರೆ ಅ, ಹಾವು ಎಂದರೆ ಜ. ನಿಮಗೆ ಚೂರಿಯಾಗಿ ಕಂಡದ್ದು ಜೊಂಡಿನ ಎಲೆ, ಅದು ಇ. ಅಜ್ಜಿ ಎಂದು ಬರೆದಿದ್ದಾನೆ.

ಎಲ್ಲರೂ ಮಾಡಿದ್ದನ್ನು ಶಾಲೆಗೆ ತಂದರು, ಅವನೊಬ್ಬ ತರಲಿಲ್ಲ. ಗೋರಿಯೊಳಗೆ ಇಟ್ಟ ಮೇಲೆ ತೆಗೆಯಬಾರದು ಮಿಸ್ ಎಂದ. ಸೋಮಾರಿತನಕ್ಕೆ ನೆಪ ಎಂದು ಗದರಿಸಿದ್ದೆ. ಇವತ್ತು ಆಟದ ಪೀರಿಯಡ್‌ನಲ್ಲಿ ಒಬ್ಬನನ್ನೇ ಕರೆದು ಕೇಳಿದೆ.

"ಅಜ್ಜಿ ಪೆಟ್ಟಿಗೇಲಿ ಇಟ್ಟೆ ಮಿಸ್. ಅದನ್ನ ಯಾರೂ ಮುಟ್ಟಲ್ಲ. ಕಳ್ಳರಿಗೆ ಸಿಗಬಾರ್ದು, ಯಾರಿಗೂ ಹೇಳಬಾರ್ದು ಅಂತ ನೀವೇ ಅಂದಿದ್ರಲ್ಲ?"

"ಅಜ್ಜಿದೇ ಯಾಕೋ ಮಾಡ್ದೆ?"

"ಆಸ್ಪತ್ರೇಲಿ ಡಾಕ್ಟ್ರು ಅಪ್ಪಂಗೆ ಏನೋ ಅಂದ್ರು. ಅಪ್ಪ ಕಣ್ ಒರೆಸ್ಕೊಂಡ್ರು. ಅಜ್ಜಿ ಹೋದ್ರೂ ಹೋಗಬಾರ್ದು ಅಂತ ಮಾಡ್ದೆ ಮಿಸ್."

ನನಗೆ ಅಳು ತಡೆಯಲಾಗಲಿಲ್ಲ. ಅವನು ನನಗೇ ಸಮಾಧಾನ ಹೇಳಿದ.

ಅವನ ಅಪ್ಪನಿಂದ ಸುಧಾಮಣಿಯವರ ನಂಬರು ಪಡೆದು ಫೋನು ಮಾಡಿದೆ. "ಹುಳಿಮಾವಿನ ಕಡೆಯಿಂದ ಯಾರು ಮಾಡಿದ್ರೂ ಕೊಡಬೇಡ ಅಂದವ್ಳೆ ಅವ್ವ. ಬರಲ್ಲ ಅಂತವ್ಳೆ ಮೇಡಂ" ಎಂದರು. ಅವರಿಗೆ ವಿಷಯ ಹೇಳೋಣವೆಂದರೆ ಆಣೆ ಹಾಕಿಸಿದ್ದೀರಿ. ಬೇರೆ ದಾರಿಯಿಲ್ಲದೆ ಬರೆಯುತ್ತಿದ್ದೇನೆ. ನಾನು ಮಾಟ ನಂಬುವವಳಲ್ಲ. ನೀವು ನಂಬುತ್ತೀರಿ, ಆದ್ದರಿಂದ ನಿಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ಮಾಡಿದವರಿಗೇ ತಿರುಗಿಸಿದರೆ ಅದು ಹೋಗುವುದು ಅರ್ಪಿತಳ ಹತ್ತಿರವಲ್ಲ, ಮನುವಿನ ಹತ್ತಿರ. ದಮ್ಮಯ್ಯ, ಏನೂ ಮಾಡಿಸಬೇಡಿ. ಶನಿವಾರ ಪರೀಕ್ಷೆಯ ಕೆಲಸ ತಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಬರುತ್ತೇನೆ.

ತೇಜಸ್ವಿನಿ


ಹುಲಿಯೂರುದುರ್ಗ, ನಿಮ್ಮ ಮಗಳ ಮನೆ
21 ಸೆಪ್ಟೆಂಬರ್ 2025

ಅಜ್ಜಿ,

ನಾನು ಇಲ್ಲಿಗೆ ಬಂದಿದ್ದೇನೆ, ನೀವು ಅಲ್ಲಿಗೆ ಹೋಗಿದ್ದೀರಿ. ನನ್ನ ಬಸ್ಸೂ ನಿಮ್ಮ ಬಸ್ಸೂ ಮಾಗಡಿಯ ಹತ್ತಿರ ಎಲ್ಲೋ ಎದುರುಬದುರಾಗಿ ಹಾದುಹೋಗಿರಬೇಕು. ಸುಧಾಮಣಿಯವರು ಊಟ ಮಾಡದೆ ಬಿಡುವುದಿಲ್ಲ ಎನ್ನುತ್ತಿದ್ದಾರೆ. ಅವರು ಸಾರು ಕುದಿಸುವಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ.

ನೀವು ಹುಳಿಮಾವಿಗೇ ಹೋದಿರಿ ಎಂದು ತಿಳಿದು ಅರ್ಧ ಜೀವ ಬಂತು. ಇನ್ನರ್ಧ ಇನ್ನೂ ಬಂದಿಲ್ಲ. ಶುಕ್ರವಾರವೇ ನೀವು ಎಲ್ಲಿಗೋ ಹೋಗಿ ಬಂದಿರಂತೆ, ಬಂದ ಮೇಲೆ ಯಾರೊಂದಿಗೂ ಮಾತಾಡಲಿಲ್ಲವಂತೆ. ನನ್ನ ಕಾಗದ ನಿಮಗೆ ಸಿಕ್ಕಿದ್ದು ಶನಿವಾರ. ಅಷ್ಟರಲ್ಲಿ ಏನಾದರೂ ಮಾಡಿಸಿಬಿಟ್ಟಿರಾ?

ಕೇಳುವುದಕ್ಕೆ ಕಾರಣವಿದೆ. ನಿನ್ನೆ ಮನು ಪರೀಕ್ಷೆಗೆ ಬರಲಿಲ್ಲ. ಜ್ವರ ಎಂದು ಅವನ ಅಪ್ಪ ಮೆಸೇಜ್ ಮಾಡಿದ್ದರು. ಈ ಹವೆಯಲ್ಲಿ ಅರ್ಧ ತರಗತಿಗೆ ಜ್ವರ ಎಂದು ನನಗೆ ಗೊತ್ತು. ಇಂಥದ್ದನ್ನು ನಂಬಬಾರದೆಂದು ಮೂರು ತಲೆಮಾರಿನಿಂದ ಹೇಳಿಸಿಕೊಂಡು ಬೆಳೆದವಳು ನಾನು. ಆದರೂ ಎದೆ ಹೊಡೆದುಕೊಳ್ಳುವುದು ನಿಂತಿಲ್ಲ. ಬೇಗ ಒಂದು ಮಾತು ಬರೆಯಿರಿ.

ತೇಜಸ್ವಿನಿ


ಹುಳಿಮಾವು
24 ಸೆಪ್ಟೆಂಬರ್ 2025

ಟೀಚರಮ್ಮನಿಗೆ, ಅಲ್ಲ, ತೇಜಸ್ವಿನಿಗೆ, ಅಜ್ಜಿಯ ಆಶೀರ್ವಾದ.

ಮನುವಿಗೆ ಜ್ವರ ಬಿಟ್ಟಿದೆ. ಸೋಮವಾರವೇ ಎದ್ದು ಚಕ್ಕುಲಿ ಡಬ್ಬಕ್ಕೆ ಕೈ ಹಾಕಿದ. ನಿನ್ನ ಇನ್ನರ್ಧ ಜೀವವನ್ನೂ ಕರೆಸಿಕೋ. ಫೋನು ಮಾಡಿ ಹೇಳು ಎಂದಳು ಅರ್ಪಿತ. ಇಷ್ಟೆಲ್ಲಾ ಫೋನಿನಲ್ಲಿ ಹೇಳಿದರೆ ನನಗೆ ಏದುಸಿರು ಬರುತ್ತದೆ, ಬರೆಯುತ್ತೇನೆ ಎಂದೆ.

ಶುಕ್ರವಾರದ್ದು ಮೊದಲು ಹೇಳುತ್ತೇನೆ. ಚಿಕ್ಕಬೈರಪ್ಪನವರು ಬಾ, ಏನೇನು ಬೇಕೋ ಹೇಳುತ್ತೇನೆ ಎಂದಿದ್ದರು, ಹೋಗಿದ್ದೆ. ಡಬ್ಬಿ ನೋಡಿ, "ಮಾಡ್ಸಿರೋರು ಯಾರು ಅಂತ ನಿಂಗೆ ಗೊತ್ತದಲ್ಲ. ಅವ್ರ ಹೆಸ್ರು ಹೇಳು, ಅವ್ರ ತಾಯಿ ಹೆಸ್ರು ಹೇಳು. ಭಾನ್ವಾರ ತಿರುಗುಸ್ತೀನಿ" ಎಂದರು. ಬಾಯಿ ತೆರೆದೆ. ಅರ್ಪಿತ ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ. ಇದೇ ಮನುವನ್ನು ಹೆರುವಾಗ ಆ ಹುಡುಗಿ ತನ್ನ ತಾಯಿಯನ್ನು ಕೂಗದೆ ಅತ್ತೇ ಎಂದು ನನ್ನನ್ನು ಕೂಗಿದ್ದಳು. ಅದೊಂದು ಕಣ್ಣಿಗೆ ಕಟ್ಟಿಬಿಟ್ಟಿತು. "ಗೊತ್ತಿಲ್ಲ ಕಣಪ್ಪ" ಎಂದು ಡಬ್ಬಿ ಎತ್ತಿಕೊಂಡು ಬಂದುಬಿಟ್ಟೆ. ಬಂದು ನನ್ನನ್ನೇ ಬೈದುಕೊಂಡೆ, ಹೇಡಿ ಮುದುಕಿ ಎಂದು.

ಮಾರನೇ ದಿನ ನಿನ್ನ ಕಾಗದ. ಹೋಂವರ್ಕ್ ಎಂಬ ಮಾತು ಓದಿ ಮೊದಲು ಕೋಪವೇ ಬಂತು, ಸುಳ್ಳು ಬಿಡಬೇಡ. ಮುಂದೆ ಓದಿದ ಮೇಲೆ ಹಿಂದಿನ ದಿನದ್ದು ನೆನಪಾಯಿತು. ಹೆಸರು ಹೇಳಿದ್ದರೆ? ಅರ್ಪಿತಳ ಮೇಲೆ ಬಿಟ್ಟದ್ದು ಮಗುವಿನ ಮೇಲೆ ಹೋಗಿದ್ದರೆ? ಗೋಡೆಗೊರಗಿ ಕೂತವಳು ಮಗಳು ಬಂದು ಅಲುಗಾಡಿಸುವ ತನಕ ಏಳಲಿಲ್ಲ. ನಂಬುವವರಿಗೆ ಆಗುವ ಸಂಕಟ ನಂಬದ ನಿನಗೆ ಹೇಗೆ ತಿಳಿಸಲಿ? ಆದರೆ ನಿನಗೂ ಎದೆ ಹೊಡೆದುಕೊಂಡಿತು ಎಂದು ಬರೆದಿದ್ದೀಯ. ಅದನ್ನು ಓದಿ ಸ್ವಲ್ಪ ಸಮಾಧಾನವಾಯಿತು.

ನೀನು ಬರುವ ತನಕ ಕಾಯಲು ಮನಸ್ಸು ತಡೆಯದೆ ಭಾನುವಾರ ಮನೆಗೆ ಬಂದರೆ ಮಗು ಜ್ವರದಲ್ಲಿ ಮಲಗಿದ್ದ. ಹಣೆ ಮುಟ್ಟಿದೆ. "ಅಜ್ಜಿ ಬಂದ್ಲು" ಎಂದು ಕಣ್ಣು ತೆರೆಯದೆ ನಕ್ಕ. ಅಡುಗೆಮನೆಯಲ್ಲಿ ಅರ್ಪಿತ ಒಬ್ಬಳೇ ಎಡೆಗೆ ಎಲ್ಲಾ ಮಾಡಿಟ್ಟಿದ್ದಳು. ಮುದ್ದೆ, ಸಾರು, ಕಜ್ಜಾಯ, ಒಂದೂ ಬಿಟ್ಟಿರಲಿಲ್ಲ. ನನ್ನ ಮುಖ ಮಾತ್ರ ನೋಡಲಿಲ್ಲ. "ಬಂದ್ರಾ" ಎಂದಳು, ಅಷ್ಟೇ. ನಾನೂ "ಹೂಂ" ಎಂದೆ. ಎಡೆ ಇಟ್ಟೆವು, ಧೂಪ ಹಾಕಿದೆವು. ಮಗ ಮಗುವನ್ನು ಹೊದಿಕೆ ಸಮೇತ ಎತ್ತಿಕೊಂಡು ಬಂದ. ಬಾಗಿಲು ಮುಂದೆ ಮಾಡಿ ಎಲ್ಲರೂ ಅಂಗಳದಲ್ಲಿ ನಿಂತೆವು.

ಒಳಗೆ ಹೋಗುವ ಹಾಗಿಲ್ಲ, ಬೇರೆಲ್ಲೂ ಹೋಗುವ ಹಾಗಿಲ್ಲ. ಇಬ್ಬರೂ ಬೇರೆ ಬೇರೆ ಕಡೆ ನೋಡಿಕೊಂಡು ಎಷ್ಟು ಹೊತ್ತು ನಿಲ್ಲುವುದು? ನಾನು ಚೀಲದಿಂದ ಡಬ್ಬಿ ತೆಗೆದೆ. "ಅರ್ಪಿತ, ಇದು ನನ್ನ ಪೆಟ್ಟಿಗೇಲಿ ಸಿಕ್ತು. ನೀನೇ ಮಾಡಿಟ್ಟೆ ಅನ್ಕೊಂಡೆ ಕಣವ್ವ. ಅದಕ್ಕೇ ಮನೆ ಬಿಟ್ಟು ಹೋದೆ. ತಪ್ಪಾಯ್ತು. ಇದು ನಮ್ ಮನು ಸ್ಕೂಲಿಗೆ ಅಂತ ಮಾಡಿರದಂತೆ" ಎಂದೆ.

ಅವಳು ಡಬ್ಬಿ ನೋಡಿದಳು, ನನ್ನನ್ನು ನೋಡಿದಳು, ಮನುವನ್ನು ನೋಡಿದಳು. ಗೇಟಿನ ಹತ್ತಿರ ಹೋಗಿ ಸ್ಕೂಟಿಯ ಸೀಟೆತ್ತಿದಳು. ಹೆಲ್ಮೆಟ್ಟಿನ ಕೆಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಇನ್ನೊಂದು ಮಾತ್ರೆಯ ಡಬ್ಬಿ ತಂದು ನನ್ನ ಕೈಯಲ್ಲಿಟ್ಟಳು. ತೆರೆದರೆ ಅದೇ ಗೊಂಬೆ, ಅದೇ ಕಾಡಿಗೆ ಕಣ್ಣು. ಸುತ್ತಿದ್ದು ಅವಳ ಚೂಡಿದಾರದ ದುಪಟ್ಟ, ಕೂದಲು ಅವಳದು. ಚೀಟಿಯಲ್ಲಿ ಒಂದು ಹದ್ದು, ಎರಡು ಗೂಬೆ. ಗೂಬೆ ಎಂದರೆ ಮ ಅಂತೆ, ಅಮ್ಮ ಎಂದು ಬರೆದದ್ದು ಎಂದು ಮನು ಆಮೇಲೆ ಹೇಳಿದ.

"ನೀವು ಹೋದ ಮಾರನೇ ದಿನ ಬೀರೂನಲ್ಲಿ ಸಿಕ್ತು ಅತ್ತೆ. ಮದುವೆ ಸೀರೆ ಕೆಳಗೆ. ನನ್ನ ತಲೆ ಬಾಚೋರು ನೀವೇ ತಾನೆ? ಮಾಡಿಟ್ಟು ಮಗಳ ಮನೆಗೆ ಹೋಗಿ ಕೂತವ್ರೆ ಅನ್ಕೊಂಡೆ. ಮನೇಲಿ ಇಟ್ಕೊಳ್ಳಕ್ಕೂ ಭಯ, ಬಿಸಾಕಕ್ಕೂ ಭಯ. ಆವತ್ತಿಂದ ಡಿಕ್ಕೀಲಿ ಹಾಕ್ಕೊಂಡು ಊರೆಲ್ಲಾ ಸುತ್ತಾಡ್ತಿದೀನಿ!"

ಅಷ್ಟು ಹೇಳಿ ಅಳುವುದಕ್ಕೆ ಶುರು ಮಾಡಿದವಳು ನಡುವೆಯೇ ನಗುವುದಕ್ಕೆ ಶುರು ಮಾಡಿದಳು. ನನಗೂ ತಡೆಯಲಾಗಲಿಲ್ಲ. ಅವಳು ನನ್ನ ಭುಜ ಹಿಡಿದುಕೊಂಡು, ನಾನು ಕಾಂಪೌಂಡಿನ ಗೋಡೆ ಹಿಡಿದುಕೊಂಡು ನಕ್ಕೆವು. ಮೇಲಿನ ಮನೆಯ ಬಾಡಿಗೆಯವರು ಬಂದು ಬಗ್ಗಿ ನೋಡಿದರು. ಮಗನಿಗೆ ಮಾತ್ರ ತಲೆ ಬುಡ ತಿಳಿಯಲಿಲ್ಲ. ಒಳಗೆ ಕೂತಿದ್ದ ನಮ್ಮ ಯಜಮಾನರನ್ನು ಎಲ್ಲರೂ ಮರೆತೇಬಿಟ್ಟೆವು. ಆ ದಿನ ಅವರು ಬಾಟಲಿಯನ್ನು ನಿಧಾನವಾಗಿಯೇ ಮುಗಿಸಿರಬೇಕು.

ಮನೆಯ ಮೇಲಿದ್ದ ಗುಂಡುಕಲ್ಲು ಇಳಿದ ಹಾಗಾಗಿದೆ, ತೇಜಸ್ವಿನಿ. ನೀನು ನಮ್ಮ ಮನೆಗೆ ಒಂದು ದಿನ ಊಟಕ್ಕೆ ಬರಬೇಕು. ನೀನು ಬಾವಿಯ ಕಟ್ಟೆಯ ಮಾತು ಬರೆದಿದ್ದೆ. ಆಗ ಉತ್ತರ ಬರೆಯಲು ನನಗೆ ಮುಖವಿರಲಿಲ್ಲ. ಹುಳಿಮಾವಿನಲ್ಲಿ ನಮ್ಮ ಬಾವಿಯೂ ಹಾಗೇ ಇತ್ತು. ಅಡುಗೆಮನೆಯಲ್ಲಿ ನಮ್ಮಿಬ್ಬರ ಜೊತೆ ಕೂತು ಉಣ್ಣಬೇಕು, ಅದಕ್ಕೆ ಕರೆಯುತ್ತಿದ್ದೇನೆ.

ನಿನ್ನ ಶಿಷ್ಯನ ವಿಷಯ ಹೇಳದಿದ್ದರೆ ಈ ಕಾಗದ ಮುಗಿಯುವುದಿಲ್ಲ. ನಾವು ನಗುತ್ತಿದ್ದರೆ ಅವನು ಅಪ್ಪನ ಹೆಗಲ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಬೈಯುತ್ತೇವೆಂಬ ಭಯವೇನೋ ಎಂದು, "ಯಾರೂ ಬೈಯಲ್ಲ ಬಾ ನನ್ನಪ್ಪ" ಎಂದೆ. "ಅದಲ್ಲ ಅಜ್ಜಿ. ಎರಡನ್ನೂ ಆಚೆ ತೆಗ್ದು ಬಿಚ್ಚಿಬಿಟ್ರಲ್ಲ. ಇನ್ ನೀವಿಬ್ರೂ ಸತ್ತೋದ್ರೆ ನಾನೇನ್ ಮಾಡ್ಲಿ?" ಎಂದ.

ನಮ್ಮಿಬ್ಬರ ನಗುವೂ ನಿಂತುಹೋಯಿತು. ನಿನ್ನ ಪುಸ್ತಕದಲ್ಲಿ ಇದಕ್ಕೆ ಏನು ಉತ್ತರವಿದೆಯೋ ನನಗೆ ಗೊತ್ತಿಲ್ಲ. ಅರ್ಪಿತ ಕಣ್ಣೊರೆಸಿಕೊಂಡು ಒಳಗೆ ಹೋಗಿ ಎರಡು ನಿಂಬೆಹಣ್ಣು, ಉಪ್ಪಿನ ಭರಣಿ ತಂದಳು. ಅಂಗಳದಲ್ಲೇ ಮೂವರೂ ಕೂತೆವು. ಹೇಗೆ ಕೊಯ್ಯಬೇಕು, ಎಷ್ಟು ಉಪ್ಪು ತುಂಬಬೇಕು ಎಂದು ಅವನೇ ಹೇಳಿಕೊಟ್ಟ. ಬಟ್ಟೆಗೆ ನನ್ನ ಸೀರೆ, ಅವಳ ಸೀರೆ ಎರಡನ್ನೂ ಹರಿದೆವು. ಕೂದಲು ಬೇಕೆಂದಾಗ ಅರ್ಪಿತ ನನ್ನ ಮುಂದೆ ತಲೆ ಬಗ್ಗಿಸಿದಳು, ಅವಳದನ್ನು ನಾನು ಕಿತ್ತುಕೊಟ್ಟೆ. ಆಮೇಲೆ ನನ್ನದನ್ನು ಅವಳು ಕಿತ್ತಳು.

ನಿನ್ನ
ಅಕ್ಕಯಮ್ಮ ಅಜ್ಜಿ